ಸ್ಕ್ರಬ್ ಟೈಫಸ್ ಅನಿಸಿದರೆ ಎಲೈಸಾ ರಿಪೋರ್ಟ್‌ಗೆ ಕಾಯಬೇಡಿ

ಮಳೆ ಕಡಿಮೆಯಾಗುತ್ತಿದ್ದ ಹಾಗೆ ನಮ್ಮ ವಾರ್ಡ್ ಜ್ವರದವರಿಂದ ತುಂಬಿಹೋಗುತ್ತದೆ. ಅದರಲ್ಲಿ ಸ್ಕ್ರಬ್ ಟೈಫಸ್‌ನವರೂ ಇರುತ್ತಾರೆ. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಬ್ಯಾಕ್ಟೀರಿಯಾ ಜ್ವರ ಇದು. ಹೋದ ಸೀಸನ್‌ನ ಒಂದು ಕೇಸ್ ಇನ್ನೂ ಮನಸ್ಸಿಂದ ಹೋಗಿಲ್ಲ.

ತೋಟದಲ್ಲಿ ಕಳೆ ಕೀಳುವ ಹೆಂಗಸು. ವಾರದಿಂದ ಜ್ವರ. ಹೊರಗಡೆ ಸೆಫ್ಟ್ರಿಯಾಕ್ಸೋನ್ ಅನ್ನುವ ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಡೆಂಗ್ಯೂಗೆ ಮಾಡುವ ಎನ್‌ಎಸ್‌1 ಟೆಸ್ಟ್ ನೆಗೆಟಿವ್, ಪ್ಲೇಟ್‌ಲೆಟ್ 40 ಸಾವಿರ. ರೆಫರಲ್ ಚೀಟಿಯಲ್ಲಿ ‘ವೈರಲ್ ಫೀವರ್’. ರಾತ್ರಿ ರಕ್ತದ ಆಕ್ಸಿಜನ್ ಸ್ಯಾಚುರೇಷನ್ 86ಕ್ಕೆ ಇಳಿಯಿತು. ಪಿಜಿ ಓದುತ್ತಿರುವ ಡಾಕ್ಟರ್ ಹುಡುಗ ಎನ್‌ಐವಿ (ಮಾಸ್ಕ್ ಹಾಕಿ ಉಸಿರಾಟಕ್ಕೆ ನೆರವಾಗುವ ಯಂತ್ರ) ತರಲು ಓಡಿದ. ಸಿಸ್ಟರ್ ಪರದೆ ಎಳೆದು, ಬಟ್ಟೆ ಸಡಿಲಿಸಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಎಲ್ಲಾ ನೋಡುತ್ತಾ ಬಂದರು. "ಮ್ಯಾಮ್, ಇಲ್ಲಿ ನೋಡಿ." ಎಡ ಎದೆಯ ಕೆಳಗಿನ ಮಡಿಕೆಯಲ್ಲಿ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಬೀಡಿಯಿಂದ ಸುಟ್ಟ ಹಾಗೆ. ನೋವಿಲ್ಲ, ತುರಿಕೆಯಿಲ್ಲ. ಆಕೆಗೇ ಗೊತ್ತಿರಲಿಲ್ಲ.

ಹುಳ ಕಚ್ಚಿದ ಗುರುತು ಅದು. ಸ್ಕ್ರಬ್ ಟೈಫಸ್. ಸೆಫ್ಟ್ರಿಯಾಕ್ಸೋನ್ ಎಷ್ಟು ದಿನ ಕೊಟ್ಟರೂ ಇದಕ್ಕೆ ನಾಟುವುದಿಲ್ಲ.

"ಡಾಕ್ಸಿ ಒಂದೇ ಸಾಕಲ್ವಾ ಮ್ಯಾಮ್?" ಅಂದ ಪಿಜಿ. ಡಾಕ್ಸಿ ಅಂದರೆ ಡಾಕ್ಸಿಸೈಕ್ಲಿನ್, ಇದಕ್ಕೆ ಕೊಡುವ ಆ್ಯಂಟಿಬಯೋಟಿಕ್. ಅಜಿತ್ರೋನೂ (ಅಜಿತ್ರೋಮೈಸಿನ್) ಸೇರಿಸು, ಎರಡೂ ಐವಿ, ಅಂದರೆ ನರಕ್ಕೇ ಕೊಡು ಅಂದೆ. 2023ರಲ್ಲಿ ಎನ್‌ಇಜೆಎಂ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಟ್ರೆಸ್ಟ್ ಟ್ರಯಲ್ ನಮ್ಮ ದೇಶದ್ದೇ. ತೀವ್ರ ಸ್ಕ್ರಬ್ ಇದ್ದ ಸುಮಾರು 800 ಜನರ ಮೇಲೆ ನಡೆಯಿತು. ಸಾವು, ಏಳನೇ ದಿನಕ್ಕೂ ಬಿಡದ ತೊಡಕು, ಐದನೇ ದಿನಕ್ಕೂ ಇಳಿಯದ ಜ್ವರ, ಇವುಗಳಲ್ಲಿ ಒಂದಾದರೂ ಆದವರನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಎರಡೂ ಔಷಧಿ ಕೊಟ್ಟವರಲ್ಲಿ ಇಂಥವರು 33%, ಡಾಕ್ಸಿ ಮಾತ್ರ ಕೊಟ್ಟಲ್ಲಿ 47%, ಅಜಿತ್ರೋ ಮಾತ್ರ ಕೊಟ್ಟಲ್ಲಿ 48%. ಸಾವಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಉಸಿರಿಗೆ ಒದ್ದಾಡುವ ರೋಗಿ ಬೇಗ ಚೇತರಿಸಿಕೊಳ್ಳುವುದು ಸಣ್ಣ ವಿಷಯವಲ್ಲ.

ಸ್ಟೋರ್‌ನಲ್ಲಿ ಐವಿ ಡಾಕ್ಸಿ ಇರಲಿಲ್ಲ. "ಇಂಡೆಂಟ್ ಹಾಕಿ, ಬೆಳಗ್ಗೆ ನೋಡೋಣ" ಅಂದರು. ಬೆಳಗ್ಗೆವರೆಗೆ ಆಕೆ ಇರಬೇಕಲ್ಲ! ಅಜಿತ್ರೋ ಹಚ್ಚಿದೆವು. ಡಾಕ್ಸಿ ಮಾತ್ರೆ ಕರಗಿಸಿ ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬಿಗೆ ಹಾಕಿದೆವು. ಮಗ ಪೇಟೆಯ ಮೆಡಿಕಲ್ ಶಾಪ್‌ಗಳನ್ನೆಲ್ಲ ಸುತ್ತಿ ವಯಲ್ ತರುವವರೆಗೆ ನಾನು ಮಾನಿಟರ್ ಬಿಟ್ಟು ಕದಲಲಿಲ್ಲ.

ಮೂರನೇ ದಿನ ಎನ್‌ಐವಿ ತೆಗೆದೆವು. ಸ್ಕ್ರಬ್ ಖಚಿತಪಡಿಸುವ ರಕ್ತಪರೀಕ್ಷೆ ಐಜಿಎಂ ಎಲೈಸಾದ ರಿಪೋರ್ಟ್ ಬಂದದ್ದು ಅದಾದ ಮೇಲೆ. ಪ್ಲೇಟ್ ತುಂಬುವಷ್ಟು ಸ್ಯಾಂಪಲ್ ಸೇರದೆ ಲ್ಯಾಬ್‌ನವರು ಟೆಸ್ಟ್ ಹಚ್ಚುವುದಿಲ್ಲ. ಖರ್ಚಿನ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಸೀಸನ್‌ನಲ್ಲಾದರೂ ದಿನಾ ಹಚ್ಚಬೇಕು.

ಹಕ್ಕಳೆ ಎಲ್ಲರಲ್ಲೂ ಸಿಗುವುದಿಲ್ಲ. ಸಿಗಲಿಲ್ಲ ಅಂತ ಸ್ಕ್ರಬ್ ಕೈಬಿಡಬೇಡಿ, ಡಾಕ್ಸಿ ಶುರು ಮಾಡಿ. ಈ ಸಲ ಐವಿ ಡಾಕ್ಸಿಗೆ ಈಗಲೇ ಇಂಡೆಂಟ್ ಹಾಕಿದ್ದೇನೆ. ಸ್ಟೋರ್‌ನಿಂದ ಇನ್ನೂ ಉತ್ತರ ಬಂದಿಲ್ಲ.