ಐದು ನಿಮಿಷದ ಶಾಲೆ ದೆವ್ವ

ಜಪಾನಿನ ಪುಟ್ಟ ಅನಿಮೇಷನ್ ದೆವ್ವದ ಕಥೆಗಳೆಂದರೆ ನನಗೆ ಜೀವ. ಅದರಲ್ಲೂ ಶಾಲೆಯಲ್ಲಿ ನಡೆಯುವವು. 2013ರಲ್ಲಿ ಶುರುವಾದ 'ಯಾಮಿಶಿಬಾಯ್' ಎಂಬ ದೆವ್ವದ ಕಥೆಗಳ ಸರಣಿ ನೋಡಿ. ಒಂದು ಕಂತು ಐದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಚಿತ್ರಗಳು ಜಾಸ್ತಿ ಅಲುಗಾಡುವುದೂ ಇಲ್ಲ. ಹಿಂದೆ ಅಲ್ಲಿ ಬೀದಿಯಲ್ಲಿ ಚಿತ್ರದ ಹಾಳೆ ತೋರಿಸುತ್ತಾ ಕಥೆ ಹೇಳುತ್ತಿದ್ದರು, ಕಾಮಿಶಿಬಾಯ್ ಅಂತ. ಅದೇ ಧಾಟಿ. ಆ ಅಲುಗಾಡದ ಮುಖ ನೋಡಿದರೇ ಮೈ ಜುಮ್ಮೆನ್ನುತ್ತದೆ.

ದೆವ್ವ ಯಾಕೆ ಬಂತು ಅಂತ ಹೇಳಲು ಸಮಯವೇ ಇರುವುದಿಲ್ಲ. ಒಳ್ಳೆಯದೇ ಆಯಿತು. ಕಾರಣ ಗೊತ್ತಾದರೆ ಅರ್ಧ ಭಯ ಹೋಯಿತು, ಅಲ್ವಾ?

ಅಲ್ಲಿನ ಮಕ್ಕಳ ಬಾಯಲ್ಲಿ ಓಡಾಡುವ, ಹನಾಕೋ ಎಂಬ ದೆವ್ವದ ಹುಡುಗಿಯ ಕಥೆಯನ್ನೇ ತೆಗೆದುಕೊಳ್ಳಿ. ಶಾಲೆಯ ಮೂರನೇ ಮಹಡಿ, ಹುಡುಗಿಯರ ಶೌಚಾಲಯ, ಮೂರನೇ ಬಾಗಿಲು. ಮೂರು ಸಲ ತಟ್ಟಿ 'ಹನಾಕೋ, ಇದ್ದೀಯಾ?' ಅಂತ ಕೇಳಬೇಕು. ಒಳಗಿಂದ ಉತ್ತರ ಬರುತ್ತದಂತೆ! ಹಗಲಿಡೀ ಗಲಾಟೆ ತುಂಬಿರುವ, ಮೂಲೆ ಮೂಲೆಯೂ ಗೊತ್ತಿರುವ ಜಾಗ. ಕೊನೆಯ ಗಂಟೆ ಹೊಡೆದ ಮೇಲೆ ಅದೇ ಕಾರಿಡಾರ್ ಬೇರೆ ಯಾರದ್ದೋ ಆಗಿಬಿಡುತ್ತದೆ. ಮಕ್ಕಳು ಹೇಳಿದರೆ ದೊಡ್ಡವರು ನಂಬುವುದೂ ಇಲ್ಲ. ನನಗೆ ದೆವ್ವಕ್ಕಿಂತ ಆ ಒಂಟಿತನವೇ ಜಾಸ್ತಿ ತಟ್ಟುತ್ತದೆ. ಎರಡು ಗಂಟೆಯ ಹಾರರ್ ಸಿನಿಮಾ ಮುಂದಿದ್ದರೂ ನಾನು ಇವನ್ನೇ ಮೊದಲು ಆರಿಸುತ್ತೇನೆ.