ಇನ್ಸರ್ಟ್ ಮೊದಲೋ, ಡಿಲೀಟ್ ಮೊದಲೋ

ಆರ್ಡರ್ ತಿದ್ದುವ ಸ್ಕ್ರೀನ್ ಇರುವ ಅಪ್ಲಿಕೇಶನ್‌ಗೆ ಒಂದಲ್ಲ ಒಂದು ದಿನ ಈ ದೂರು ಬಂದೇ ಬರುತ್ತದೆ: "ಎರಡನೇ ಲೈನ್ ತೆಗೆದು ಬೇರೆ ಐಟಂ ಹಾಕಿದೆ. ಸೇವ್ ಒತ್ತಿದರೆ ಡೂಪ್ಲಿಕೇಟ್ ಅಂತಿದೆ." ಬಳಸುವವರ ಕಣ್ಣಿಗೆ ಡೂಪ್ಲಿಕೇಟ್ ಎಲ್ಲೂ ಇಲ್ಲ. ಕೋಡ್ ತೆರೆದು ನೋಡಿದರೂ ತಪ್ಪು ಕಾಣುವುದಿಲ್ಲ. ಲಿಸ್ಟ್ ಖಾಲಿ ಮಾಡು, ಸ್ಕ್ರೀನಿಂದ ಬಂದ ಲೈನ್‌ಗಳನ್ನು ಸೇರಿಸು, ಆರ್ಡರ್ ಸೇವ್ ಮಾಡು. ಮೂರೇ ಸಾಲು.

ನಾನು ವರ್ಷಗಳಿಂದ ಇಂಥ ಆರ್ಡರ್, ಬಿಲ್ಲಿಂಗ್ ಅಪ್ಲಿಕೇಶನ್‌ಗಳ ಬ್ಯಾಕೆಂಡ್ ನೋಡಿಕೊಳ್ಳುತ್ತಿದ್ದೇನೆ. ಜಾಸ್ತಿ ಜಾವಾ, ಅದರ ಆಬ್ಜೆಕ್ಟ್‌ಗಳನ್ನು ಡೇಟಾಬೇಸಿನ ಟೇಬಲ್‌ಗಳಿಗೆ ಬರೆಯುವ ಲೈಬ್ರರಿ ಹೈಬರ್ನೇಟ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಒಂದಕ್ಕೊಂದು ಅಂಟಿಕೊಂಡ ಆಬ್ಜೆಕ್ಟ್‌ಗಳನ್ನು ಸೇವ್ ಮಾಡುವಾಗ ಬರುವ ಕನ್‌ಸ್ಟ್ರೇಂಟ್ (ಡೇಟಾ ಹೀಗೇ ಇರಬೇಕು ಅಂತ ಡೇಟಾಬೇಸಿನಲ್ಲಿ ಹಾಕಿಟ್ಟ ನಿಯಮ) ಎರರ್‌ಗಳನ್ನು ನೋಡಿ ನೋಡಿ ನನಗೆ ಅನ್ನಿಸಿದ್ದು ಇಷ್ಟು: ಬಹುಪಾಲು ಸಲ ಡೇಟಾ ಸರಿಯಾಗಿಯೇ ಇರುತ್ತದೆ, ಕ್ರಮ ಸರಿ ಇರುವುದಿಲ್ಲ. ಮೆಮೊರಿಯಲ್ಲಿರುವ ಆಬ್ಜೆಕ್ಟ್‌ಗಳಿಗೆ ಹಿಂದು ಮುಂದು ಇಲ್ಲ. ಆರ್ಡರ್ ಲೈನ್‌ಗಳನ್ನು ಹಿಡಿದುಕೊಂಡಿದೆ, ಲೈನ್ ಆರ್ಡರನ್ನು ಹಿಡಿದುಕೊಂಡಿದೆ, ಎರಡೂ ಆರಾಮಾಗಿವೆ. ಡೇಟಾಬೇಸಿಗೆ ಹೋಗುವುದು ಮಾತ್ರ ಒಂದಾದ ಮೇಲೊಂದು ಸ್ಟೇಟ್‌ಮೆಂಟ್. ಸಾಮಾನ್ಯವಾಗಿ ಪ್ರತಿಯೊಂದು ಸ್ಟೇಟ್‌ಮೆಂಟ್ ಮುಗಿದಾಗಲೂ ಕನ್‌ಸ್ಟ್ರೇಂಟ್‌ಗಳು ನಿಜವಾಗಿರಬೇಕು.

ಮೇಲಿನ ದೂರನ್ನೇ ತೆಗೆದುಕೊಳ್ಳಿ. ಲೈನ್ ಟೇಬಲಿನಲ್ಲಿ ಆರ್ಡರ್ ಐಡಿಗೆ ಫಾರಿನ್ ಕೀ ಇದೆ, ಅಂದರೆ ಅದು ಆರ್ಡರ್ ಟೇಬಲಿನಲ್ಲಿ ನಿಜವಾಗಿ ಇರುವ ರೋ ಒಂದನ್ನೇ ತೋರಿಸಬೇಕು. ಆರ್ಡರ್ ಐಡಿ ಮತ್ತು ಲೈನ್ ನಂಬರ್ ಎರಡೂ ಸೇರಿ ಯೂನಿಕ್, ಅದೇ ಜೋಡಿ ಎರಡು ಸಲ ಬರುವಂತಿಲ್ಲ. ಹೈಬರ್ನೇಟ್ ನಾವು ಕೋಡಿನಲ್ಲಿ ಬರೆದ ಕ್ರಮದಲ್ಲಿ ಎಸ್‌ಕ್ಯೂಎಲ್ ಕಳಿಸುವುದಿಲ್ಲ. ಹೇಳಿದ್ದನ್ನೆಲ್ಲ ಕ್ಯೂನಲ್ಲಿ ಇಟ್ಟುಕೊಂಡು, ಫ್ಲಶ್ ಹೊತ್ತಿಗೆ ತನ್ನದೇ ಕ್ರಮದಲ್ಲಿ ಕಳಿಸುತ್ತದೆ. ಮೊದಲು ಇನ್ಸರ್ಟ್‌ಗಳು, ಆಮೇಲೆ ಅಪ್‌ಡೇಟ್‌ಗಳು, ಆಮೇಲೆ ಕಲೆಕ್ಷನ್‌ಗಳ ಕೆಲಸ, ಕಟ್ಟಕಡೆಗೆ ಡಿಲೀಟ್‌ಗಳು. ಅಂದರೆ ಹೊಸ ಎರಡನೇ ಲೈನ್ ಒಳಗೆ ಬರುವಾಗ ಹಳೆಯ ಎರಡನೇ ಲೈನ್ ಇನ್ನೂ ಅಲ್ಲೇ ಕೂತಿರುತ್ತದೆ. ಪೋಸ್ಟ್‌ಗ್ರೆಸ್ 23505 ಅನ್ನುವ ಎರರ್ ಕೋಡ್ ಕೊಡುತ್ತದೆ, ಮೈಎಸ್‌ಕ್ಯೂಎಲ್ ಆದರೆ 1062. ಎರಡೂ ಹೇಳುವುದು ಒಂದೇ, ಯೂನಿಕ್ ಮುರಿಯಿತು ಅಂತ.

ಈ ಕ್ರಮ ಯಾಕೆ ಅಂತ ಬೈಯುವ ಮೊದಲು ಸ್ವಲ್ಪ ಯೋಚಿಸಬೇಕು. ಫಾರಿನ್ ಕೀ ದೃಷ್ಟಿಯಿಂದ ಇದೇ ಸರಿ. ಯಾರನ್ನಾದರೂ ತೋರಿಸಬೇಕಾದರೆ ಅವರು ಮೊದಲು ಹುಟ್ಟಿರಬೇಕು, ಅದಕ್ಕೆ ಇನ್ಸರ್ಟ್ ಮೊದಲು. ಯಾರನ್ನಾದರೂ ಅಳಿಸಬೇಕಾದರೆ ಅವರನ್ನು ತೋರಿಸುವವರು ಯಾರೂ ಉಳಿದಿರಬಾರದು, ಅದಕ್ಕೆ ಡಿಲೀಟ್ ಕೊನೆಗೆ. ಯೂನಿಕ್ ಕನ್‌ಸ್ಟ್ರೇಂಟಿಗೆ ಬೇಕಾಗಿರುವುದು ಸರಿಯಾಗಿ ಇದರ ಉಲ್ಟಾ: ಮೊದಲು ಜಾಗ ಖಾಲಿ ಮಾಡು, ಆಮೇಲೆ ಹೊಸಬರನ್ನು ಕೂರಿಸು. ಎರಡು ಕನ್‌ಸ್ಟ್ರೇಂಟ್‌ಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಯಾವ ಒಂದು ಸಿದ್ಧ ಕ್ರಮವೂ ಇಬ್ಬರನ್ನೂ ಸಮಾಧಾನ ಮಾಡಲಾರದು. ಡಾಟ್‌ನೆಟ್ ಕಡೆ ಹೈಬರ್ನೇಟಿನ ಕೆಲಸವನ್ನೇ ಮಾಡುವ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಇಲ್ಲಿ ಸ್ವಲ್ಪ ಜಾಣ. ಯಾವ ರೋ ಯಾವುದನ್ನು ಅವಲಂಬಿಸಿದೆ ಅಂತ ನೋಡಿ, ಯೂನಿಕ್ ಇಂಡೆಕ್ಸ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕ್ರಮ ಹಾಕುತ್ತದೆ. ಆದರೆ ಎರಡು ರೋಗಳ ಯೂನಿಕ್ ಬೆಲೆಗಳನ್ನು ಅದಲುಬದಲು ಮಾಡಲು ಹೋದರೆ ಅದೂ ಕೈಚೆಲ್ಲಿ, ಸರ್ಕ್ಯುಲರ್ ಡಿಪೆಂಡೆನ್ಸಿ ಅಂತ ಎರರ್ ಎಸೆಯುತ್ತದೆ.

ಇದಕ್ಕೆ ಎಲ್ಲರೂ ಮೊದಲು ಹೇಳುವ ಮದ್ದು, ಲಿಸ್ಟ್ ಖಾಲಿ ಮಾಡಿದ ಕೂಡಲೇ ಒಂದು ಫ್ಲಶ್ ಹಾಕು ಅನ್ನುವುದು. ಕೆಲಸ ಮಾಡುತ್ತದೆ. ನನಗೆ ಮಾತ್ರ ಅದು ಕೊನೆಯ ದಾರಿ. ಖಾಲಿ ಮಾಡಿ ತುಂಬುವುದರಲ್ಲಿ ಬೇರೆಯೇ ತೊಂದರೆ ಇದೆ. ಬಳಸುವವರು ಒಂದು ಲೈನಿನ ಪ್ರಮಾಣ ಬದಲಿಸಿದ್ದಕ್ಕೆ ಎಲ್ಲ ಲೈನ್‌ಗಳ ಐಡಿ ಬದಲಾಗುತ್ತದೆ. ಆ ಐಡಿಯನ್ನು ಡೆಲಿವರಿ ಟೇಬಲ್ ಹಿಡಿದುಕೊಂಡಿದ್ದರೆ ಫಾರಿನ್ ಕೀ ಕೂಗುತ್ತದೆ. ಹಿಡಿದುಕೊಂಡಿಲ್ಲದಿದ್ದರೂ ಆಡಿಟ್ ದಾಖಲೆಯಲ್ಲಿ ಎಲ್ಲ ಲೈನ್ ಅಳಿಸಿ ಹೊಸದಾಗಿ ಹಾಕಿದ ಹಾಗೆ ಕಾಣುತ್ತದೆ. ಸ್ಕ್ರೀನಿಂದ ಐಡಿ ಸಮೇತ ಲೈನ್‌ಗಳನ್ನು ತರಿಸಿಕೊಳ್ಳಿ. ಇರುವ ಐಡಿಗೆ ಅಪ್‌ಡೇಟ್, ಐಡಿ ಇಲ್ಲದ್ದಕ್ಕೆ ಇನ್ಸರ್ಟ್, ಬಾರದೇ ಹೋದದ್ದಕ್ಕೆ ಡಿಲೀಟ್. ಇಪ್ಪತ್ತು ಸಾಲು ಜಾಸ್ತಿ ಬರೆಯಬೇಕು, ನಿಜ. ಅದಾದ ಮೇಲೂ ತೆಗೆದ ನಂಬರಿಗೇ ಹೊಸ ಲೈನ್ ಬಂದು ಕೂರುವ ಪ್ರಸಂಗ ಉಳಿಯುತ್ತದೆ. ಅಲ್ಲಿ ಮಾತ್ರ ಫ್ಲಶ್ ಹಾಕಿ, ಯಾಕೆ ಹಾಕಿದ್ದು ಅಂತ ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಬರೆಯಿರಿ. ಇಲ್ಲದಿದ್ದರೆ ಮುಂದೆ ಯಾರೋ ಒಬ್ಬರು ಅದನ್ನು ಬೇಡದ ಕೋಡ್ ಅಂತ ತೆಗೆದುಬಿಡುತ್ತಾರೆ.

ಅದಲುಬದಲು ಇನ್ನೂ ಮಜವಾಗಿದೆ. ಒಂದನೇ ಲೈನ್ ಎರಡಾಗಬೇಕು, ಎರಡನೆಯದು ಒಂದಾಗಬೇಕು. ಇಲ್ಲಿ ಯಾವ ಕ್ರಮವೂ ನಡೆಯುವುದಿಲ್ಲ. ಯಾವುದನ್ನು ಮೊದಲು ಮಾಡಿದರೂ ಇನ್ನೊಂದು ಅಡ್ಡ ನಿಂತಿರುತ್ತದೆ. ಎರಡನ್ನೂ ಒಂದೇ ಅಪ್‌ಡೇಟ್ ಸ್ಟೇಟ್‌ಮೆಂಟಿನಲ್ಲಿ ಸೇರಿಸಿದರೂ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಸಾಮಾನ್ಯ ಯೂನಿಕ್ ಕನ್‌ಸ್ಟ್ರೇಂಟನ್ನು ಅದು ಒಂದೊಂದು ರೋ ಬರೆದಾಗಲೂ ಪರೀಕ್ಷಿಸುತ್ತದೆ, ಸ್ಟೇಟ್‌ಮೆಂಟ್ ಮುಗಿಯುವ ತನಕ ಕಾಯುವುದಿಲ್ಲ. ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಹೇಳುವುದೇ ಬೇರೆ, ಪೋಸ್ಟ್‌ಗ್ರೆಸ್ ಮಾಡುವುದೇ ಬೇರೆ. ಅವರ ದಸ್ತಾವೇಜಿನಲ್ಲೇ ಅದನ್ನು ಒಪ್ಪಿಕೊಂಡಿದ್ದಾರೆ.

ಇದಕ್ಕೆ ಇರುವ ಸೊಗಸಾದ ಉತ್ತರ ಡಿಫರಬಲ್ ಕನ್‌ಸ್ಟ್ರೇಂಟ್. ಕನ್‌ಸ್ಟ್ರೇಂಟ್ ಮಾಡುವಾಗಲೇ ಡಿಫರಬಲ್ ಇನಿಶಿಯಲಿ ಡಿಫರ್ಡ್ ಅಂತ ಹೇಳಿದರೆ ಪರೀಕ್ಷೆ ಕಮಿಟ್ ಹೊತ್ತಿಗೆ, ಅಂದರೆ ಎಲ್ಲ ಸ್ಟೇಟ್‌ಮೆಂಟ್ ಮುಗಿದು ಬದಲಾವಣೆ ಖಾಯಂ ಆಗುವ ಹೊತ್ತಿಗೆ, ಹೋಗುತ್ತದೆ. ನಡುವೆ ಏನೇ ಗೊಂದಲ ಇರಲಿ, ಕೊನೆಗೆ ಲೆಕ್ಕ ಸರಿ ಇದ್ದರೆ ಸಾಕು. ಇದು ಪೋಸ್ಟ್‌ಗ್ರೆಸ್‌ನಲ್ಲಿ ಇದೆ, ಒರಾಕಲ್‌ನಲ್ಲಿ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ, ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಇಲ್ಲ. ಪೈಥಾನಿನ ಜ್ಯಾಂಗೋ ಫ್ರೇಮ್‌ವರ್ಕ್ ಬಳಸುವವರು ಪೋಸ್ಟ್‌ಗ್ರೆಸ್ ಮೇಲೆ ಇದನ್ನು ಗೊತ್ತಿಲ್ಲದೆಯೇ ಬಳಸುತ್ತಿರುತ್ತಾರೆ. ಅದು ಫಾರಿನ್ ಕೀಗಳನ್ನು ಡಿಫರ್ಡ್ ಆಗಿಯೇ ಸೃಷ್ಟಿಸುತ್ತದೆ.

ಹಾಗಂತ ಸಿಕ್ಕಿದ್ದಕ್ಕೆಲ್ಲ ಡಿಫರಬಲ್ ಹಚ್ಚುವುದು ನನಗೆ ಇಷ್ಟವಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಡಿಫರಬಲ್ ಯೂನಿಕ್ ಕಾಲಮನ್ನು ಬೇರೆ ಟೇಬಲಿನ ಫಾರಿನ್ ಕೀ ತೋರಿಸುವಂತಿಲ್ಲ. ಆನ್ ಕಾನ್‌ಫ್ಲಿಕ್ಟ್ (ಡೂಪ್ಲಿಕೇಟ್ ಬಂದರೆ ಏನು ಮಾಡಬೇಕು ಅಂತ ಹೇಳುವ ಭಾಗ) ಬಳಸಿ ಇನ್ಸರ್ಟ್ ಮಾಡುವಾಗ ಅದನ್ನು ಆಧಾರವಾಗಿ ಕೊಡುವಂತಿಲ್ಲ. ನಾಟ್ ನಲ್ (ಕಾಲಮ್ ಖಾಲಿ ಇರಬಾರದು) ಮತ್ತು ಚೆಕ್ (ಬೆಲೆ ಇಂಥ ಷರತ್ತಿಗೆ ಹೊಂದಬೇಕು) ಅಂತೂ ಅಲ್ಲಿ ಡಿಫರ್ ಆಗುವುದೇ ಇಲ್ಲ. ಎಲ್ಲಕ್ಕಿಂತ ಕಿರಿಕಿರಿ ಎಂದರೆ ಎರರ್ ಬರುವುದು ಕಮಿಟ್‌ನಲ್ಲಿ. ಯಾವ ಸ್ಟೇಟ್‌ಮೆಂಟ್ ತಪ್ಪು ಮಾಡಿತು ಅಂತ ಆಮೇಲೆ ಹುಡುಕುತ್ತಾ ಕೂರಬೇಕು.

ನಾಟ್ ನಲ್ ಅಂದೆನಲ್ಲ, ಅದಕ್ಕೂ ಒಂದು ಕಥೆ ಇದೆ. ಆರ್ಡರ್ ಕ್ಲಾಸಿನಲ್ಲಿ ಲೈನ್‌ಗಳ ಲಿಸ್ಟ್ ಇದೆ, ಲೈನ್ ಕ್ಲಾಸಿನಲ್ಲಿ ಆರ್ಡರ್ ಅನ್ನುವ ಫೀಲ್ಡ್ ಇಲ್ಲ. ಒಂದೇ ದಿಕ್ಕಿನ ಒನ್ ಟು ಮೆನಿ, ಜೊತೆಗೆ ನಲ್ ಆಗಬಾರದು ಅಂತ ಹೇಳದ ಒಂದು ಜಾಯಿನ್ ಕಾಲಮ್ (ಆರ್ಡರ್ ಐಡಿ ಇಡುವ ಕಾಲಮ್). ನೋಡಲು ಚೊಕ್ಕಟ. ಹೈಬರ್ನೇಟ್ ಇದನ್ನು ಎರಡು ಹಂತದಲ್ಲಿ ಮಾಡುತ್ತದೆ: ಮೊದಲು ಆರ್ಡರ್ ಐಡಿ ಇಲ್ಲದೆ ಲೈನ್ ಇನ್ಸರ್ಟ್, ಆಮೇಲೆ ಆರ್ಡರ್ ಐಡಿ ತುಂಬುವ ಅಪ್‌ಡೇಟ್. ಕಾಲಮ್ ನಾಟ್ ನಲ್ ಆಗಿದ್ದರೆ ಮೊದಲ ಹಂತದಲ್ಲೇ ಬಿತ್ತು. ಆಗ ಅವಸರದಲ್ಲಿ ಇರುವವರು ಮಾಡುವುದೇನು? ಕಾಲಮಿನ ನಾಟ್ ನಲ್ ತೆಗೆದುಬಿಡುತ್ತಾರೆ. ಎರರ್ ಹೋಯಿತು, ಟಿಕೆಟ್ ಮುಚ್ಚಿತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಆಮೇಲೆ ಯಾವ ಆರ್ಡರಿಗೂ ಸೇರದ ಲೈನ್‌ಗಳು ಟೇಬಲಿನಲ್ಲಿ ಜಮೆಯಾಗುತ್ತಾ ಹೋಗುತ್ತವೆ. ತಿಂಗಳ ಕೊನೆಯ ವರದಿಯಲ್ಲಿ ಮೊತ್ತ ಕೂಡುವುದಿಲ್ಲ.

ಇಲ್ಲಿ ತಿದ್ದಬೇಕಾದದ್ದು ಮ್ಯಾಪಿಂಗ್, ಅಂದರೆ ಕ್ಲಾಸ್‌ಗಳು ಟೇಬಲ್‌ಗಳಿಗೆ ಹೇಗೆ ಹೊಂದುತ್ತವೆ ಅಂತ ಹೈಬರ್ನೇಟಿಗೆ ಹೇಳುವ ವಿವರ. ಲೈನಿಗೆ ಆರ್ಡರ್ ಫೀಲ್ಡ್ ಕೊಡಿ, ಸಂಬಂಧದ ಒಡೆತನ ಲೈನ್ ಕಡೆ ಇರಲಿ, ಆರ್ಡರ್ ಕಡೆ ಮ್ಯಾಪ್ಡ್ ಬೈ ಹಾಕಿ. ಲೈನ್ ಸೇರಿಸುವ ಒಂದು ಮೆಥಡ್ ಬರೆದು ಅದರಲ್ಲಿ ಎರಡೂ ಕಡೆ ಜೋಡಿಸಿ. ಲಿಸ್ಟಿಗೆ ಸೇರಿಸಿ ಲೈನಿನ ಆರ್ಡರ್ ಹೊಂದಿಸಲು ಮರೆತರೆ ಫಾರಿನ್ ಕೀ ಖಾಲಿಯೇ ಹೋಗುತ್ತದೆ, ಯಾಕೆಂದರೆ ಹೈಬರ್ನೇಟ್ ನೋಡುವುದು ಒಡೆತನ ಇರುವ ಕಡೆ ಮಾತ್ರ.

ಇನ್ನು ಸುತ್ತು ಬರುವ ಸಂಬಂಧ. ಗ್ರಾಹಕರಿಗೆ ಹಲವು ವಿಳಾಸ, ಪ್ರತಿ ವಿಳಾಸಕ್ಕೂ ಗ್ರಾಹಕ ಐಡಿ. ಜೊತೆಗೆ ಗ್ರಾಹಕರ ಟೇಬಲಿನಲ್ಲಿ ಮುಖ್ಯ ವಿಳಾಸದ ಐಡಿ. ಎರಡೂ ಕಡ್ಡಾಯ. ಹೊಸ ಗ್ರಾಹಕರನ್ನು ಹೇಗೆ ಹಾಕುವುದು? ಗ್ರಾಹಕರಿಗೆ ವಿಳಾಸ ಬೇಕು, ವಿಳಾಸಕ್ಕೆ ಗ್ರಾಹಕ ಬೇಕು. ಡಿಫರ್ಡ್ ಫಾರಿನ್ ಕೀ ಇದ್ದರೆ ಆಗುತ್ತದೆ, ಆದರೆ ಎರಡನೆಯದಾಗಿ ಹೋಗುವ ರೋನ ಐಡಿಯಾದರೂ ಇನ್ಸರ್ಟಿಗೆ ಮೊದಲೇ ಕೈಯಲ್ಲಿರಬೇಕು. ಅದಕ್ಕೆ ಮೊದಲೇ ನಂಬರ್ ಕೊಡುವ ಸೀಕ್ವೆನ್ಸ್‌ನಂಥದ್ದು ಬೇಕು, ಇನ್ಸರ್ಟ್ ಆದ ಮೇಲಷ್ಟೇ ಐಡಿ ಹೇಳುವ ಐಡೆಂಟಿಟಿ ಕಾಲಮ್ ಸಾಲದು. ನಾನು ಸಾಮಾನ್ಯವಾಗಿ ಈ ಸುತ್ತನ್ನೇ ಬಿಚ್ಚುತ್ತೇನೆ. ಗ್ರಾಹಕರ ಟೇಬಲಿನಿಂದ ಆ ಕಾಲಮ್ ತೆಗೆದು, ವಿಳಾಸದ ಟೇಬಲಿನಲ್ಲಿ "ಇದು ಮುಖ್ಯವೇ" ಅನ್ನುವ ಬೂಲಿಯನ್ ಇಡುತ್ತೇನೆ. ಅದು ನಿಜ ಇರುವ ರೋಗಳಿಗೆ ಮಾತ್ರ ಗ್ರಾಹಕ ಐಡಿ ಮೇಲೆ ಪಾರ್ಶಿಯಲ್ ಯೂನಿಕ್ ಇಂಡೆಕ್ಸ್. ಒಬ್ಬರಿಗೆ ಒಂದಕ್ಕಿಂತ ಜಾಸ್ತಿ ಮುಖ್ಯ ವಿಳಾಸ ಇರಲು ಸಾಧ್ಯವೇ ಇಲ್ಲ. ಒಂದಾದರೂ ಇರಲೇಬೇಕು ಅನ್ನುವ ಅರ್ಧ ಮಾತ್ರ ಕೋಡಿಗೆ ಬೀಳುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ. ಪಾರ್ಶಿಯಲ್ ಇಂಡೆಕ್ಸನ್ನು ಡಿಫರ್ ಮಾಡಲು ಬರುವುದಿಲ್ಲ. ಹಾಗಾಗಿ ಮುಖ್ಯ ವಿಳಾಸ ಬದಲಿಸುವಾಗ ಹಳೆಯದರ ಗುರುತು ತೆಗೆದು, ಫ್ಲಶ್ ಮಾಡಿ, ಆಮೇಲೆ ಹೊಸದಕ್ಕೆ ಗುರುತು ಹಾಕಬೇಕು.

ಎರರ್ ಹಿಡಿಯುವ ವಿಷಯಕ್ಕೆ ಬರೋಣ. ಸೇವ್ ಸುತ್ತ ಟ್ರೈ ಕ್ಯಾಚ್ ಹಾಕಿ "ಡೂಪ್ಲಿಕೇಟ್ ಬಂದರೆ ಹೀಗೆ ಮಾಡು" ಅಂತ ಬರೆದಿರುವ ಕೋಡ್ ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ಸುಮಾರು ಕೋಡ್ ಯಾವತ್ತೂ ಓಡುವುದೇ ಇಲ್ಲ. ಐಡಿ ಸೀಕ್ವೆನ್ಸಿನಿಂದ ಬರುತ್ತಿದ್ದರೆ ಸೇವ್ ಕರೆದಾಗ ಇನ್ಸರ್ಟ್ ಹೋಗುವುದಿಲ್ಲ. ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಟ್ರಾನ್ಸಾಕ್ಷನಲ್ ಮೆಥಡ್ (ಒಳಗಿನ ಸ್ಟೇಟ್‌ಮೆಂಟ್‌ಗಳೆಲ್ಲ ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಮೆಥಡ್) ಮುಗಿದು ಹೊರಗೆ ಬಂದ ಮೇಲೆ ಕಮಿಟ್ ಆಗುತ್ತದೆ, ಎರರ್ ಬರುವುದು ಆಗ. ಅಷ್ಟರಲ್ಲಿ ಟ್ರೈ ಬ್ಲಾಕ್ ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಐಡೆಂಟಿಟಿ ಕಾಲಮ್ ಇದ್ದರೆ ಐಡಿ ತಿಳಿಯಲಿಕ್ಕಾಗಿ ಇನ್ಸರ್ಟ್ ಕೂಡಲೇ ಹೋಗುತ್ತದೆ, ಆಗ ಅದೇ ಕ್ಯಾಚ್ ಕೆಲಸ ಮಾಡುತ್ತದೆ. ಬ್ಯಾಚಿಂಗ್ (ಹಲವು ಇನ್ಸರ್ಟ್ ಒಟ್ಟಿಗೆ ಕಳಿಸುವುದು) ಬೇಕು ಅಂತ ಐಡೆಂಟಿಟಿ ಬಿಟ್ಟು ಸೀಕ್ವೆನ್ಸಿಗೆ ಹೋದರೆ, ಯಾರೂ ಮುಟ್ಟದ ಟ್ರೈ ಕ್ಯಾಚ್‌ಗಳು ಸದ್ದಿಲ್ಲದೆ ಸತ್ತುಹೋಗುತ್ತವೆ.

ಹಿಡಿಯುವುದಾದರೆ ಟ್ರಾನ್ಸಾಕ್ಷನ್ ಹೊರಗೆ ಹಿಡಿಯಿರಿ. ಒಳಗೆ ಹಿಡಿದು "ಪರವಾಗಿಲ್ಲ, ಮುಂದುವರಿ" ಅಂದರೆ ಪೋಸ್ಟ್‌ಗ್ರೆಸ್ ಬಿಡುವುದಿಲ್ಲ. ಒಂದು ಸ್ಟೇಟ್‌ಮೆಂಟ್ ಬಿದ್ದರೆ, ರೋಲ್‌ಬ್ಯಾಕ್ ಆಗುವ (ಮಾಡಿದ್ದೆಲ್ಲ ರದ್ದಾಗುವ) ತನಕ ಆ ಟ್ರಾನ್ಸಾಕ್ಷನಿನಲ್ಲಿ ಮತ್ತೇನೂ ಓಡುವುದಿಲ್ಲ. ಸೇವ್‌ಪಾಯಿಂಟ್ ಇಟ್ಟಿದ್ದರೆ ಮಾತ್ರ ಅಲ್ಲಿಗೆ ಹಿಂದೆ ಹೋಗಬಹುದು. ಆಬ್ಜೆಕ್ಟ್‌ಗಳನ್ನು, ಆ ಕ್ಯೂವನ್ನು ಹಿಡಿದುಕೊಂಡಿರುವ ಹೈಬರ್ನೇಟ್ ಸೆಷನ್ ಕೂಡ ಎಕ್ಸೆಪ್ಷನ್ ಬಂದ ಮೇಲೆ ನಂಬಲು ಯೋಗ್ಯವಲ್ಲ, ಬಿಸಾಡಿ ಹೊಸದು ತೆರೆಯಬೇಕು.

ಇನ್ನೊಂದು ಸಣ್ಣ ಬಲೆ. ಕನ್‌ಸ್ಟ್ರೇಂಟ್ ವಯೊಲೇಶನ್ ಎಕ್ಸೆಪ್ಷನ್ ಅನ್ನುವ ಹೆಸರಿನ ಕ್ಲಾಸ್ ಹೈಬರ್ನೇಟ್‌ನಲ್ಲೂ ಇದೆ, ಫೀಲ್ಡ್‌ಗಳ ಬೆಲೆ ಸರಿಯೇ ಅಂತ ಜಾವಾದಲ್ಲೇ ನೋಡುವ ಬೀನ್ ವ್ಯಾಲಿಡೇಶನ್‌ನಲ್ಲೂ ಇದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಎಡಿಟರ್ ಇಂಪೋರ್ಟ್ ಸೂಚಿಸಿದಾಗ ಸುಮ್ನೆ ಎಂಟರ್ ಒತ್ತಿದರೆ ಬೇರೆಯದೇ ಕ್ಲಾಸ್ ಬಂದು ಕೂರುತ್ತದೆ. ಕಂಪೈಲ್ ಆಗುತ್ತದೆ, ರಿವ್ಯೂನಲ್ಲೂ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಪ್ರಿಂಗ್ ರೆಪಾಸಿಟರಿ ಬಳಸುವವರು ಹೇಗೂ ಡೇಟಾ ಇಂಟೆಗ್ರಿಟಿ ವಯೊಲೇಶನ್ ಎಕ್ಸೆಪ್ಷನ್ ಹಿಡಿಯಬೇಕು. ಅದರ ಒಳಗಿನ ಹೈಬರ್ನೇಟ್ ಎಕ್ಸೆಪ್ಷನ್ ಕೇಳಿದರೆ ಯಾವ ಕನ್‌ಸ್ಟ್ರೇಂಟ್ ಮುರಿಯಿತು ಅಂತ ಹೆಸರು ಸಿಗುತ್ತದೆ. ಹಾಗಾಗಿಯೇ ನಾನು ಪ್ರತಿ ಕನ್‌ಸ್ಟ್ರೇಂಟಿಗೂ ಹೆಸರು ಇಡಿ ಅಂತ ಹಠ ಮಾಡುವುದು. ತಾನಾಗಿ ಹುಟ್ಟಿದ ಅಡ್ಡಾದಿಡ್ಡಿ ಹೆಸರನ್ನು ಇಟ್ಟುಕೊಂಡು ಬಳಸುವವರಿಗೆ "ಈ ಇನ್‌ವಾಯ್ಸ್ ನಂಬರ್ ಆಗಲೇ ಇದೆ" ಅಂತ ಹೇಳುವುದು ಹೇಗೆ?

ಇಲ್ಲಿ ಕೆಲವರು ಕೇಳುತ್ತಾರೆ, ಮೊದಲೇ ಸೆಲೆಕ್ಟ್ ಮಾಡಿ ಇದೆಯಾ ನೋಡಿಕೊಂಡರೆ ಆಯಿತಲ್ವಾ ಅಂತ. ನೋಡಿಕೊಳ್ಳಿ, ಒಳ್ಳೆಯ ಮೆಸೇಜ್ ತೋರಿಸಲು ಅದು ಬೇಕು. ಆದರೆ ಇಬ್ಬರು ಒಂದೇ ಹೊತ್ತಿಗೆ ಸೇವ್ ಒತ್ತಿದರೆ ಇಬ್ಬರ ಸೆಲೆಕ್ಟಿಗೂ "ಇಲ್ಲ" ಅಂತಲೇ ಉತ್ತರ ಬರುತ್ತದೆ. ಒಬ್ಬರ ರೋ ಇನ್ನೊಬ್ಬರಿಗೆ ಕಮಿಟ್ ಆಗುವ ತನಕ ಕಾಣುವುದಿಲ್ಲ. ಕೊನೆಯ ಮಾತು ಯೂನಿಕ್ ಕನ್‌ಸ್ಟ್ರೇಂಟಿನದ್ದೇ.

ಇಷ್ಟೆಲ್ಲ ಟೆಸ್ಟ್‌ಗಳಲ್ಲಿ ಯಾಕೆ ಸಿಕ್ಕಿಬೀಳುವುದಿಲ್ಲ ಅನ್ನುವುದಕ್ಕೂ ಕಾರಣ ಇದೆ. ಸ್ಪ್ರಿಂಗ್‌ನಲ್ಲಿ ಟೆಸ್ಟ್ ಮೇಲೆ ಟ್ರಾನ್ಸಾಕ್ಷನಲ್ ಹಾಕಿದರೆ ಕೊನೆಗೆ ರೋಲ್‌ಬ್ಯಾಕ್ ಆಗುತ್ತದೆ. ಕಮಿಟ್ ಇಲ್ಲ, ನಡುವೆ ಕ್ವೆರಿ ಓಡದಿದ್ದರೆ ಫ್ಲಶ್ ಕೂಡ ಇಲ್ಲ. ಸೀಕ್ವೆನ್ಸ್ ಐಡಿ ಇರುವ ಎಂಟಿಟಿಗಳ ಇನ್ಸರ್ಟ್‌ಗಳು ಡೇಟಾಬೇಸನ್ನು ಮುಟ್ಟದೆಯೇ ಟೆಸ್ಟ್ ಹಸಿರಾಗುತ್ತದೆ. ನಾನು ಈಗ ಸೇವ್ ಪರೀಕ್ಷಿಸುವ ಪ್ರತಿ ಟೆಸ್ಟಿನಲ್ಲೂ ಅಸರ್ಟ್‌ಗೆ ಮೊದಲು ಒಂದು ಫ್ಲಶ್, ಒಂದು ಕ್ಲಿಯರ್ (ಸೆಷನ್ ಖಾಲಿ ಮಾಡುವುದು) ಹಾಕಿಸುತ್ತೇನೆ. ಡಿಫರ್ಡ್ ಕನ್‌ಸ್ಟ್ರೇಂಟ್ ಇರುವ ಕಡೆ ಅದೂ ಸಾಲದು. ಅಲ್ಲಿ ಫ್ಲಶ್ ಆದ ಮೇಲೆ ಸೆಟ್ ಕನ್‌ಸ್ಟ್ರೇಂಟ್ಸ್ ಆಲ್ ಇಮ್ಮೀಡಿಯೆಟ್ ಓಡಿಸಿ. ಕಮಿಟ್‌ಗೆ ಕಾಯದೆ ಪೋಸ್ಟ್‌ಗ್ರೆಸ್ ಬಾಕಿ ಇರುವ ಪರೀಕ್ಷೆಗಳನ್ನೆಲ್ಲ ಆಗಲೇ ಮಾಡಿಬಿಡುತ್ತದೆ.