ಕೇಪು ಮಾತ್ರ ಹೊಡೆದ ಈಡು

ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಭಾನುವಾರ, ರಾತ್ರಿ ಒಂಬತ್ತರ ಹೊತ್ತಿಗೆ, ಊಟ ಮುಗಿಸಿ ಏಳುವಾಗ ಅಳಿಯನ ಫೋನು ಬಂತು. ಅಳಿಯ ಅಂದರೆ ನನ್ನ ಅಕ್ಕನ ಮಗ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೆಲಸ. ಅಲ್ಲಿ ಆಗ ಬೆಳಿಗ್ಗೆ ಹತ್ತೂವರೆ. ಭಾನುವಾರ ಆ ಹೊತ್ತಿಗೆ ಅವನು ಹೆಚ್ಚಾಗಿ ಶೂಟಿಂಗ್ ರೇಂಜಿನಲ್ಲಿ, ಅಂದರೆ ಗುರಿಗೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿರುತ್ತಾನೆ, ಅಲ್ಲಿಂದ ಫೋನು ಮಾಡುವ ಕ್ರಮ ಇಲ್ಲ.

"ಮಾವ, ಒಂದು ಈಡು ಸರಿ ಕೇಳಲಿಲ್ಲ. ಠುಸ್ ಅಂತ ಹೇಳಿತು. ಕೈಗೆ ಪೆಟ್ಟೂ ತಾಗಲಿಲ್ಲ."

"ಅದರ ಮೇಲೆ ಇನ್ನೊಂದು ಹೊಡೆದೆಯಾ?"

"ಇಲ್ಲ. ಕೆಳಗಿಟ್ಟು, ಕೈ ಎತ್ತಿ ರೇಂಜ್ ಆಫೀಸರನ್ನು ಕರೆದೆ. ಅವರೇ ಈಗ ನೋಡ್ತಾ ಇದ್ದಾರೆ."

ಆ 'ಇಲ್ಲ' ಕೇಳಿದ ಮೇಲೆಯೇ ನಾನು ಚಾವಡಿಯ ಬೆಂಚಿನಲ್ಲಿ ಕೂತದ್ದು.

ಕೋವಿ ಹಿಡಿದವರಿಗೆ ನನ್ನ ಅವಸರ ಅರ್ಥವಾದೀತು. ಈಡೇ ಆಗದಿದ್ದರೆ ಕೋವಿಯ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಅದನ್ನು ಎಲ್ಲರೂ ಹೇಳಿಕೊಡುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಭಯ ಈ ಸಣ್ಣ ಸದ್ದಿನ ಈಡಿನದ್ದು. ತೋಟೆ ಅಂದರೆ ಮದ್ದು, ಗುಂಡು ಒಟ್ಟಿಗೆ ತುಂಬಿದ ಹಿತ್ತಾಳೆಯ ಕೊಳವೆ; ಅದರ ಬುಡದಲ್ಲಿ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಕೊಡುವುದು ಕೇಪು. ಮದ್ದು ಹತ್ತದಿದ್ದರೂ ಕೇಪಿನ ಬಲ ಒಂದೇ ಸಾಕು, ಗುಂಡು ತೋಟೆಯಿಂದ ಹೊರಟು ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹೊಡೆದವನಿಗೆ ಅದು ಕಾಣುವುದಿಲ್ಲ. ಪಿಸ್ತೂಲಿನ ತರಬೇತಿಯಲ್ಲಿ, ಈಡು ಆಗದಿದ್ದರೆ ಥಟ್ಟನೆ ಸ್ಲೈಡ್ ಎಳೆದು ಮುಂದಿನ ತೋಟೆ ಏರಿಸುವುದನ್ನು ಕೈಗೆ ರೂಢಿ ಮಾಡಿಸಿರುತ್ತಾರೆ. ಸಿಕ್ಕಿಕೊಂಡ ಗುಂಡು ತೋಟೆ ಕೂರುವ ಜಾಗಕ್ಕೆ ತೀರಾ ಹತ್ತಿರ ಇದ್ದರೆ ಮುಂದಿನದ್ದು ಪೂರ್ತಿ ಒಳಗೆ ಹೋಗದು, ಅಷ್ಟರಮಟ್ಟಿಗೆ ಪುಣ್ಯ. ಒಂದಿಷ್ಟು ಮುಂದೆ ಹೋಗಿ ನಿಂತಿದ್ದರೆ ಹೊಸ ತೋಟೆ ಸಲೀಸಾಗಿ ಕೂರುತ್ತದೆ. ಆಮೇಲೆ ಕುದುರೆ, ಅಂದರೆ ಟ್ರಿಗರ್, ಎಳೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಕೈಯಲ್ಲೇ ಒಡೆಯುತ್ತದೆ.

ಗುಂಡು ಸಿಕ್ಕಿಕೊಂಡದ್ದು ನಿಜವೇ ಆಗಿತ್ತು. ಪಿಸ್ತೂಲು ಬಿಚ್ಚಿ ನಳಿಗೆ ತೆಗೆದು ನೋಡಿದಾಗ ಗುಂಡು ಒಳಗೆ ಬಿಗಿಯಾಗಿ ನಿಂತಿತ್ತು. ರೇಂಜ್ ಆಫೀಸರು ಹಿತ್ತಾಳೆಯ ಸರಳು ಹಾಕಿ ಮೆಲ್ಲ ತಟ್ಟಿ ಹೊರಗೆ ತೆಗೆದರು. ನಳಿಗೆಗೆ ಏನೂ ಆಗಿರಲಿಲ್ಲ. ಅಲ್ಲಿಗೆ ಅಪಾಯ ಕಳೆಯಿತು. ಆದರೆ ಆ ತೋಟೆ ಅಂಗಡಿಯದ್ದಲ್ಲ, ಅವನೇ ಮನೆಯಲ್ಲಿ ತುಂಬಿಸಿದ್ದು. ಅದೇ ಪೆಟ್ಟಿಗೆಯ ಉಳಿದ ತೋಟೆಗಳು ಅವನ ಚೀಲದಲ್ಲಿದ್ದವು.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಸಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ. ರೇಂಜಿನಲ್ಲಿ ಬಿದ್ದ ಹಿತ್ತಾಳೆಯ ಖಾಲಿ ತೋಟೆಗಳನ್ನು ಹೆಕ್ಕಿ ತಂದು, ತೊಳೆದು, ಹಳೆ ಕೇಪು ಕಳಚಿ, ಹೊಸತು ಕೂರಿಸಿ, ಮದ್ದು ಅಳೆದು ಹಾಕಿ, ಮೇಲಿಂದ ಗುಂಡು ಒತ್ತಿ ಬಿಗಿ ಮಾಡುತ್ತಾರೆ. ಅಲ್ಲಿ ಇದು ಸಾವಿರಾರು ಜನರ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. ನನ್ನದು ಕಾಸರಗೋಡಿನ ಪೆರ್ಲದ ಕಡೆ ಅಡಿಕೆ ತೋಟ, ಲೈಸೆನ್ಸಿನ 12 ಬೋರಿನ ಜೋಡಿ ನಳಿಗೆ ಕೋವಿ, ತೋಟೆ ಅಂಗಡಿಯದ್ದೇ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಕಾಡುಹಂದಿಗಳನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟ ಮೇಲೆ, ಊರಲ್ಲಿ ಲೈಸೆನ್ಸು ಇರುವವರಿಗೆ ಆಗಾಗ ಕರೆ ಬರುವುದುಂಟು. ತೋಟೆ ತುಂಬಿಸುವ ಯಂತ್ರವನ್ನು ನಾನು ಕಂಡದ್ದು ಅಳಿಯನ ವಿಡಿಯೋ ಕರೆಗಳಲ್ಲಿ ಮಾತ್ರ. ಆದರೂ ಏನಾದರೂ ಕೆಟ್ಟರೆ ಅವನು ಕೇಳುವುದು ನನ್ನನ್ನು. ಅದಕ್ಕೆ ಕಾರಣ ನನ್ನ ಅಜ್ಜ.

ಅಜ್ಜನದ್ದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರನ್ನು ಗಜ ಎಂಬ ಉದ್ದ ಕೋಲಿನಿಂದ ಜಡಿದು, ಚರೆ ಅಂದರೆ ಸಣ್ಣ ಸಣ್ಣ ಗುಂಡು ಹಾಕಿ, ಮತ್ತೆ ನಾರು ಜಡಿಯಬೇಕು. ಪ್ರತಿ ಈಡೂ ಕೈಯಲ್ಲೇ ತುಂಬಿಸಿದ್ದು. ಮಳೆಗಾಲದಲ್ಲಿ ಎಷ್ಟೋ ಸಲ ಕೇಪು ಮಾತ್ರ ಪಟ್ ಎನ್ನುತ್ತಿತ್ತು, ಈಡು ಆಗುತ್ತಿರಲಿಲ್ಲ. ಅಜ್ಜ ಆಗ ಹೊಸ ಕೇಪು ಇಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಕೇಪು ಕೂರುವ ಮೊಳೆಯ ತೂತಿಗೆ ಸಪೂರ ತಂತಿ ಹಾಕಿ ತಿರುಗಿಸಿ ಹೊರಗೆ ತೆಗೆದು, ಅದರ ತುದಿ ನೋಡುತ್ತಿದ್ದರು. ತುದಿಗೆ ಕಪ್ಪು ಕೆಸರು ಅಂಟಿದ್ದರೆ ಮದ್ದಿಗೆ ನೀರು ತಾಗಿದೆ. ಒಣ ಮಸಿ ಮಾತ್ರ ಇದ್ದರೆ ಮದ್ದು ತೂತಿನವರೆಗೆ ಇಳಿದೇ ಇಲ್ಲ. ಗಜದ ಮೇಲೆ ಚಾಕುವಿನಿಂದ ಗೀರಿದ ಒಂದು ಗೆರೆಯೂ ಇತ್ತು. ಖಾಲಿ ನಳಿಗೆಗೆ ಗಜ ಇಳಿಸಿದರೆ ಆ ಗೆರೆ ಬಾಯಿಯ ಮಟ್ಟಕ್ಕೆ ಬರಬೇಕು. ಮೇಲೆಯೇ ನಿಂತರೆ ಒಳಗೆ ತುಂಬು ಉಂಟು ಎಂದು ಲೆಕ್ಕ. ತುಂಬಿದ್ದರ ಮೇಲೆ ಮತ್ತೆ ತುಂಬಿಸಿ ನಳಿಗೆ ಒಡೆದ ಕಥೆಗಳು ಆ ಕಾಲದಲ್ಲಿ ಊರೂರಲ್ಲಿ ಇದ್ದವು.

ಹಾಗಾಗಿ ನಾನು ಅಳಿಯನನ್ನು ಕೇಳಿದ ಮೊದಲ ಪ್ರಶ್ನೆ, "ನಳಿಗೆಯೊಳಗೆ ಎಂತ ಉಳಿದಿತ್ತು?"

ಅವನ ಗುಮಾನಿ ಯಂತ್ರದ ಮೇಲೆ. ಹಿಡಿಕೆ ಒಮ್ಮೆ ಎಳೆದರೆ ಎಲ್ಲ ಕೆಲಸವೂ ಒಂದೊಂದು ಹಂತ ಮುಂದೆ ಹೋಗುವ ಯಂತ್ರ ಅದು. ಮದ್ದಿನ ಅಳತೆ ಒಮ್ಮೆ ತಪ್ಪಿ ಒಂದು ತೋಟೆ ಖಾಲಿ ಹೋಗಿರಬೇಕು ಎಂದು ಅವನ ತರ್ಕ. ತರ್ಕ ಸರಿಯೇ, ಹೆಚ್ಚಿನ ಸಲ ಕಾರಣ ಅದೇ. ಮನೆಗೆ ಹೋಗಿ ಉಳಿದ ತೋಟೆಗಳನ್ನೆಲ್ಲ ತೂಕ ಮಾಡಿ ಹಗುರದ್ದನ್ನು ಹುಡುಕುತ್ತೇನೆ ಎಂದ. ಅದು ನನಗೆ ಒಪ್ಪಿಗೆಯಾಗಲಿಲ್ಲ. 9 ಮಿ.ಮೀ. ತೋಟೆಯ ಒಟ್ಟು ತೂಕ 12 ಗ್ರಾಮಿನ ಆಸುಪಾಸು, ಅದರಲ್ಲಿ ಮದ್ದು ಗ್ರಾಮಿನ ಮೂರನೇ ಒಂದು ಪಾಲಿನಷ್ಟು. ಬೇರೆ ಬೇರೆ ಕಂಪನಿಗಳ ಹಿತ್ತಾಳೆ ಬೆರೆಸಿದರೆ ಖಾಲಿ ತೋಟೆಗಳ ನಡುವಿನ ವ್ಯತ್ಯಾಸವೇ ಆ ಮದ್ದನ್ನು ಮುಚ್ಚಿಹಾಕೀತು. ತಕ್ಕಡಿ ಅವನಿಗೆ ಸುಳ್ಳು ಧೈರ್ಯ ಕೊಡುವುದೇ ಹೆಚ್ಚು.

"ತೂಕ ಆಮೇಲೆ. ಮೊದಲು ನಳಿಗೆ ಒರೆಸಿದ ಬಟ್ಟೆ ತೋರಿಸು."

ಅವನು ಮನೆ ಮುಟ್ಟಿ ವಿಡಿಯೋ ಮಾಡುವಾಗ ನಮ್ಮಲ್ಲಿ ಕರೆಂಟು ಹೋಗಿತ್ತು. ಮನೆಯವರೆಲ್ಲ ಮಲಗಿದ್ದರು. ಬಟ್ಟೆಯನ್ನು ಕ್ಯಾಮೆರಾದ ಹತ್ತಿರ ಹಿಡಿದ. ಮಸಿಯ ನಡುವೆ ಹಳದಿ ಬಣ್ಣಕ್ಕೆ ತಿರುಗಿದ ಕಾಳುಗಳು, ಒಂದಕ್ಕೊಂದು ಅಂಟಿಕೊಂಡು ಸಣ್ಣ ಗಂಟಾಗಿದ್ದವು. ತೋಟೆಯಲ್ಲಿ ಮದ್ದೇ ಇಲ್ಲದಿದ್ದರೆ ಕೇಪಿನ ಮಸಿ ಮಾತ್ರ ಇರುತ್ತಿತ್ತು. ಇಲ್ಲಿ ಮದ್ದು ಇತ್ತು, ಹತ್ತಿಕೊಳ್ಳಲಿಲ್ಲ. ಯಂತ್ರ ತನ್ನ ಕೆಲಸ ಮಾಡಿದೆ. ಅವನು ಎಲ್ಲ ತೋಟೆಗಳನ್ನು ತೂಗಿದ್ದರೂ ಕೆಟ್ಟದ್ದು ಸಿಕ್ಕುತ್ತಿರಲಿಲ್ಲ, ಏಕೆಂದರೆ ಅದರ ತೂಕ ಸರಿಯಾಗಿಯೇ ಇರುತ್ತದೆ.

ಮದ್ದು ಹಾಗೆ ಗಂಟು ಕಟ್ಟಬೇಕಾದರೆ ಎಣ್ಣೆ ತಾಗಿರಬೇಕು, ಇಲ್ಲವೇ ನೀರು. ಎಣ್ಣೆಯ ಬಗ್ಗೆ ಕೇಳಿದೆ, ಆ ಮೇಜಿನ ಹತ್ತಿರ ತರುವುದೇ ಇಲ್ಲ ಅಂದ. ಮದ್ದಿನ ಡಬ್ಬಿ ಹೊಸತು, ಮುಚ್ಚಳ ಬಿಗಿ. ಹಾಗಾದರೆ ಹಿತ್ತಾಳೆ ಹೇಗೆ ತೊಳೆಯುತ್ತೀ? ಹಿಂದೆ ಒಣ ಹೊಟ್ಟಿನಲ್ಲಿ ಹಾಕಿ ಉಜ್ಜಿಸುತ್ತಿದ್ದವನು ಈಚೆಗೆ ನೀರು, ಸೋಪು, ಉಕ್ಕಿನ ಸಣ್ಣ ಸಣ್ಣ ಕಡ್ಡಿ ಹಾಕಿ ಉರುಳಿಸುವ ಡ್ರಮ್ಮು ತಂದಿದ್ದನಂತೆ. ಹಿತ್ತಾಳೆ ಚಿನ್ನದ ಹಾಗೆ ಹೊಳೆಯುತ್ತದೆ ಮಾವ, ಎಂದು ಹೇಳುವಾಗ ದನಿಯಲ್ಲಿ ಹೆಮ್ಮೆ ಇತ್ತು. ಹಳೆ ಕೇಪು ತೆಗೆದೇ ತೊಳೆಯುವುದಾ, ಇಟ್ಟುಕೊಂಡೇ ತೊಳೆಯುವುದಾ? ಇಟ್ಟುಕೊಂಡೇ, ತೆಗೆಯುವುದು ಆಮೇಲೆ ಯಂತ್ರದಲ್ಲಿ.

ಅಡಿಕೆ ಬೆಳೆಯುವವನಿಗೆ ಅಷ್ಟು ಸಾಕು. ಸಿಪ್ಪೆ ಗಲಗಲ ಅಂದರೂ ಒಳಗೆ ಪಸೆ ಇದ್ದರೆ ಚೀಲದಲ್ಲಿ ಅಡಿಕೆಗೆ ಬೂಸು ಬರುವುದನ್ನು ನಾವು ನೋಡದವರಲ್ಲ. ಖಾಲಿ ತೋಟೆಯ ಬುಡದಲ್ಲಿ ಹಳೆ ಕೇಪು ಕೂತಿದ್ದರೆ ಅದರ ಸುತ್ತಿನ ಸಂದಿಗೆ ಗಾಳಿ ಆಡುವುದಿಲ್ಲ, ಅಲ್ಲಿ ಸೇರಿದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಹ್ಯೂಸ್ಟನ್ ಮೆಕ್ಸಿಕೋ ಕೊಲ್ಲಿಯ ಹತ್ತಿರದ ಊರು, ಅಲ್ಲಿಯ ಸೆಕೆ, ಗಾಳಿಯ ಪಸೆ ನಮ್ಮ ಕಾಸರಗೋಡಿನವರಿಗೆ ಗುರ್ತದ್ದೇ. ಟವೆಲಿನ ಮೇಲೆ ಹರಡಿಟ್ಟರೆ ಹೊರಮೈ ಮಾತ್ರ ಒಣಗುತ್ತದೆ.

"ತೊಳೆದಿಟ್ಟದ್ದು ಇನ್ನೂ ಉಂಟಾ?"

ಒಂದು ಬಕೆಟ್ ಇತ್ತು, ತೊಳೆದು ಕೆಲವು ದಿನ ಆದದ್ದು. ಅದರಿಂದ ಒಂದು ತೆಗೆದು, ಹಳೆ ಕೇಪನ್ನು ಟಿಶ್ಯೂ ಕಾಗದದ ಮೇಲೆ ಬೀಳುವ ಹಾಗೆ ಕಳಚು ಅಂದೆ. ಕಳಚಿ ಹೆಕ್ಕಿದ. ಕಾಗದದ ಮೇಲೆ ಉರುಟಾದ ಒದ್ದೆ ಕಲೆ! ಇನ್ನೊಂದು ಕಳಚಿದ, ಅದರಲ್ಲಿ ಕಲೆ ಇಲ್ಲ. ಮತ್ತೊಂದರಲ್ಲಿ ಇತ್ತು. ಅವನು ಮಾತಾಡಲಿಲ್ಲ, ಒಂದರ ನಂತರ ಒಂದು ಕಳಚುತ್ತಾ ಹೋದ. ಎಲ್ಲದರಲ್ಲೂ ನೀರು ಇರಲಿಲ್ಲ ಎಂಬುದೇ ಇದರ ಕೆಟ್ಟತನ. ಎಲ್ಲ ಕೆಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಉಳಿದ ತೋಟೆಗಳನ್ನು ಆ ದಿನವೇ ಬಿಚ್ಚಿದ. ಅದಕ್ಕೊಂದು ಸುತ್ತಿಗೆಯಂಥ ಸಾಧನ ಉಂಟು. ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ ಕುಟ್ಟಿದರೆ ಗುಂಡು ತನ್ನ ಭಾರಕ್ಕೇ ಕಳಚಿ ಬರುತ್ತದೆ. ಹೆಚ್ಚಿನದ್ದರಲ್ಲಿ ಮದ್ದು ಒಣಗಿ ಸರಸರ ಸುರಿಯಿತು. ಕೆಲವು ತಲೆಕೆಳಗೆ ಮಾಡಿದರೂ ಸುರಿಯಲಿಲ್ಲ, ಬುಡದಲ್ಲಿ ಪದರವಾಗಿ ಅಂಟಿಕೊಂಡಿತ್ತು. ಒಂದರ ಒಳಗೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು. ಒಣಗಿದ್ದನ್ನು ಮತ್ತೆ ಬಳಸಬಹುದೇ ಎಂದು ಕೇಳಿದ. ಬೇಡ ಅಂದೆ. ಹೊಸ ಡಬ್ಬಿಯ ಬೆಲೆಗೂ ಕೈ ಬೆರಳಿಗೂ ಹೋಲಿಕೆ ಇಲ್ಲ. ಅಲ್ಲಿಯವರು ಅಷ್ಟಿಷ್ಟು ಉಳಿದ ಮದ್ದನ್ನು ಹುಲ್ಲಿನ ಮೇಲೆ ತೆಳ್ಳಗೆ ಎರಚುತ್ತಾರಂತೆ, ಅದರಲ್ಲಿ ಸಾರಜನಕ ಇದೆಯಲ್ಲ. ಅದು ಕೇಳಿ ನನಗೆ ಸಂತೋಷವಾಯಿತು.

ಈಗ ಅವನು ಹಳೆ ಕೇಪು ತೆಗೆದೇ ತೊಳೆಯುತ್ತಾನೆ, ಆಮೇಲೆ ಬಿಸಿ ಗಾಳಿಯ ಯಂತ್ರದಲ್ಲಿ ಒಣಗಿಸುತ್ತಾನೆ. ಗುಂಡು ಒತ್ತುವ ಮೊದಲು ಪ್ರತಿ ತೋಟೆಯೊಳಗೂ ಕಣ್ಣಿಟ್ಟು ನೋಡಲು ಯಂತ್ರಕ್ಕೆ ಸಣ್ಣ ದೀಪ ಕಟ್ಟಿದ್ದಾನೆ. ಅದು ನಾನು ಪಟ್ಟು ಹಿಡಿದು ಮಾಡಿಸಿದ್ದು. ಈ ಸಲದ ಕಾರಣ ನೀರು ಇರಬಹುದು, ಆದರೆ ಅಂಥ ಯಂತ್ರದಲ್ಲಿ ಮದ್ದು ಎರಡು ಸಲ ಬೀಳುವುದೂ ಉಂಟು, 9 ಮಿ.ಮೀ. ತೋಟೆಯಲ್ಲಿ ಕೆಲವು ಜಾತಿಯ ಮದ್ದು ಎರಡು ಅಳತೆ ಬಿದ್ದರೂ ಉಕ್ಕಿ ಹೊರಗೆ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ದಿನಾಂಕ, ಮದ್ದಿನ ಹೆಸರು, ಕೇಪಿನ ಹೆಸರು ಬರೆಯುವ ಕ್ರಮ ಅವನಿಗೆ ಮೊದಲೇ ಇತ್ತು. ಅದಿದ್ದ ಕಾರಣವೇ ಆ ದಿನ ಯಾವುದನ್ನು ಬಿಚ್ಚಬೇಕು ಎಂದು ಗೊತ್ತಾದದ್ದು.

ದೀಪಾವಳಿಗೆ ಊರಿಗೆ ಬರುವಾಗ, ನಳಿಗೆಯಲ್ಲಿ ಸಿಕ್ಕಿದ ಆ ಗುಂಡನ್ನು ನನಗೆ ತೋರಿಸಲು ತರುತ್ತೇನೆ ಎಂದ. ನನಗೆ ನೋಡಲು ಆಸೆ ಇತ್ತು. ಆದರೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೀಲದ ಮೂಲೆಯಲ್ಲಿ ಮರೆತು ಉಳಿದ ಒಂದೇ ಒಂದು ತೋಟೆಗೆ ಜನ ಪೊಲೀಸ್ ಠಾಣೆ ಹತ್ತಿದ್ದಾರೆ. ಗೊತ್ತಿದ್ದು ತಂದದ್ದಲ್ಲ ಎಂದು ಕೋರ್ಟುಗಳು ಅಂಥ ಕೇಸುಗಳನ್ನು ರದ್ದು ಮಾಡಿದ್ದೂ ಉಂಟು, ಆದರೆ ಅಷ್ಟರಲ್ಲಿ ರಜೆ ಹೋಗಿರುತ್ತದೆ, ಹಬ್ಬವೂ ಹೋಗಿರುತ್ತದೆ. ಫೋಟೋ ಕಳಿಸು, ಸಾಕು ಅಂದೆ. ರೇಂಜಿಗೆ ಒಯ್ಯುವ ಚೀಲದಲ್ಲಿ ಬಟ್ಟೆ ತುಂಬಬೇಡ, ಬೇರೆ ಚೀಲ ತೆಗೆದುಕೋ, ಜಾಕೆಟ್ಟಿನ ಜೇಬುಗಳನ್ನೂ ಮಗುಚಿ ನೋಡು ಎಂದು ಹೇಳಿ ಫೋನು ಅಕ್ಕನಿಗೆ ಕೊಟ್ಟೆ. ಅವಳು ಅದನ್ನೇ ಇನ್ನೊಮ್ಮೆ, ನನಗಿಂತ ಜೋರಾಗಿ ಹೇಳಿದಳು.